ಗೋಬೆರನ ಮೊದಲನೇ ಹಾಳೆ

ಮೇಜಿನ ಮೇಲೆ ಎರಡು ಚರ್ಮದ ಹಾಳೆಗಳಿದ್ದವು. ಗೋಬೆರ್ ಬಾವಿಕಟ್ಟೆಗೆ ಹೋಗಿ ಮುಖಕ್ಕೆ ನೀರೆರಚಿಕೊಂಡು ಬರುವಷ್ಟರಲ್ಲಿ ಒಂದೇ ಉಳಿದಿತ್ತು.

ಹೋದದ್ದು ಎರಡನೆಯದಾಗಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಎರಡನೆಯದರಲ್ಲಿ ದೇವರು ಇದ್ದಾನೆ ಎಂದು ಬರೆದಿತ್ತು. ಹೋದದ್ದು ಮೊದಲನೆಯದು. ಅದರಲ್ಲಿ ಗುಂಡಗಿನ ಲ್ಯಾಟಿನ್ ಅಕ್ಷರಗಳಲ್ಲಿ, ಒಂದೂ ಚಿತ್ತಿಲ್ಲದೆ, ದೇವರು ಇಲ್ಲ ಎಂದು ಬರೆದಿತ್ತು. ಕೆಳಗೆ ಗೋಬೆರನ ಹೆಸರೂ ಊರೂ ಇದ್ದವು.

ಪ್ಯಾರಿಸ್ಸಿನ ಹುಲ್ಲುಬೀದಿಯಲ್ಲಿ, ಆಚಾರ್ಯರ ಪೀಠದ ಮುಂದೆ ನೆಲಕ್ಕೆ ಹಾಸಿದ ಹುಲ್ಲಿನ ಮೇಲೆ ಕೂತು ವರ್ಷಗಟ್ಟಲೆ ಬಟ್ಟೆ ಸವೆಸಿದವರಿಗೆ ಇದರಲ್ಲಿ ಹೆದರುವಂಥದ್ದೇನೂ ಕಾಣುವುದಿಲ್ಲ. ಅಲ್ಲಿಯ ಪದ್ಧತಿಯೇ ಹಾಗೆ. ಯಾವ ಮಾತನ್ನು ಸಾಧಿಸಬೇಕೋ ಅದರ ವಿರುದ್ಧದ ಮಾತನ್ನು ಮೊದಲು ಹೇಳಬೇಕು. ಅದು ಪೂರ್ವಪಕ್ಷ. ಎದುರಾಳಿಗೆ ಏನೇನು ತೋಚಬಹುದೋ ಅದಕ್ಕಿಂತ ಚೆನ್ನಾಗಿ ನಾವೇ ಹೇಳಿ ಮುಗಿಸಿ, ಆಮೇಲೆ "ಆದರೆ" ಎಂದು ಗಂಟಲು ಸರಿಮಾಡಿಕೊಂಡು ಸಿದ್ಧಾಂತಕ್ಕೆ ಬರಬೇಕು. ಪೂರ್ವಪಕ್ಷ ಸಪ್ಪೆಯಾಗಿದ್ದರೆ ಆಚಾರ್ಯ ರಾನುಲ್ಫರು ತುಂಬಿದ ಸಭೆಯಲ್ಲಿ, "ಗೊಂಬೆ ಮಾಡಿ ಗೊಂಬೆಗೆ ಹೊಡೀತೀಯೇನಯ್ಯ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಯನ್ನು ಹೋದ ವರ್ಷ ಒಮ್ಮೆ ಕೇಳಿಸಿಕೊಂಡಿದ್ದ ಗೋಬೆರ್ ಈ ಸಲ ಮೊದಲನೇ ಹಾಳೆಗೆ ಮೂರು ವಾರ ಕೂತಿದ್ದ. ಎರಡನೇ ಹಾಳೆಯನ್ನು ಆಚಾರ್ಯರ ಪಾಠದಿಂದ ಒಂದು ಸಂಜೆಯಲ್ಲಿ ಇಳಿಸಿಕೊಂಡಿದ್ದ.

ಆದರೆ ಹುಲ್ಲುಬೀದಿಯಿಂದ ಎರಡು ಸಂದು ದಾಟಿದರೆ ಪೂರ್ವಪಕ್ಷವೆಂದರೇನೆಂದು ಬಲ್ಲವರಿಲ್ಲ. ಲ್ಯಾಟಿನ್ ಬಲ್ಲವರು ಒಬ್ಬರಿದ್ದರು, ಪಾದ್ರಿ ಎವ್ರಾರ್. ಅವರು ಕಳೆದ ಸಲ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ, ಸ್ವರ್ಗದಲ್ಲಿ ರೊಟ್ಟಿ ಯಾರು ಸುಡುತ್ತಾರೆ ಎಂದು ತಮಾಷೆಗೆ ಕೇಳಿದ ರೊಟ್ಟಿಯಂಗಡಿಯವನನ್ನು ಬಿಷಪ್ಪರ ನ್ಯಾಯಾಲಯಕ್ಕೆ ಕಳಿಸಿದ್ದರು. ಅವನು ಐದು ತಿಂಗಳು ಸೆರೆಯಲ್ಲಿದ್ದು ಬಂದ. ಈಗ ಯಾರು ಏನು ಕೇಳಿದರೂ "ಪಾದ್ರಿಗಳನ್ನ ಕೇಳಿ" ಎನ್ನುತ್ತಾನೆ, ರೊಟ್ಟಿಯ ಬೆಲೆ ಕೇಳಿದರೂ ಅಷ್ಟೇ.

ಅದೇ ಎವ್ರಾರರು ಆ ದಿನ ಸಂಜೆಪ್ರಾರ್ಥನೆಯಾದ ಮೇಲೆ ಗೋಬೆರನ ನಂಬಿಕೆ ಮತ್ತು ನಡತೆಯ ಬಗ್ಗೆ ಒಂದು ಪತ್ರ ಬರೆದುಕೊಡುವವರಿದ್ದರು. ಆ ಪತ್ರ ಸೋಮವಾರ ಕುಲಪತಿಗಳ ಕೈ ಸೇರಿದರೆ ಪಾಠ ಹೇಳುವ ಪರವಾನಗಿ ಸಿಗುತ್ತಿತ್ತು. ಪರವಾನಗಿ ಸಿಕ್ಕರೆ ಆರಾಸ್ ಊರಿನ ಶಾಲೆಯಲ್ಲಿ ಕೆಲಸ ಕಾದಿತ್ತು. ಅಲ್ಲಿ ಪಾಠ ಹೇಳುವವನಿಗೆ ಕುರ್ಚಿ ಕೊಡುತ್ತಾರೆ. ಹನ್ನೊಂದು ವರ್ಷ ಹುಲ್ಲಿನ ಮೇಲೆ ಕೂತವನಿಗೆ ಕುರ್ಚಿಯ ಆಸೆ ಎಷ್ಟಿರುತ್ತದೆಂದು ಕುರ್ಚಿಯಲ್ಲಿ ಕೂತವರಿಗೆ ಹೇಳಿದರೆ ತಿಳಿಯುವುದಿಲ್ಲ.

ಗೋಬೆರ್ ಮೇಜಿನ ಕೆಳಗೆ ನೋಡಿದ, ಹಾಸಿಗೆ ಕೊಡವಿದ, ಕಿಟಕಿಯಿಂದ ತಲೆ ಹೊರಗೆ ಹಾಕಿ ಸಂದು ನೋಡಿದ. ಕೊನೆಗೆ ಮೆಟ್ಟಿಲಿಳಿದು ಅಡುಗೆಮನೆಗೆ ಬಂದ. ಮನೆಯೊಡತಿ ಮರೋಯಮ್ಮ ಬಟಾಣಿ ಗಂಜಿ ತಿರುವುತ್ತಿದ್ದಳು.

"ಅಮ್ಮಾ, ನನ್ನ ಮೇಜಿನ ಮೇಲಿಂದ ಒಂದು ಹಾಳೆ..."

"ನಾನೇ ತಗೊಂಡೆ," ಅಂದಳು ಮರೋಯಮ್ಮ, ತಿರುಗಿಯೂ ನೋಡದೆ. "ಮೂರು ವಾರದಿಂದ ಬಡ್ಕೋತಿದೀನಿ, ಹೆರಿಗೆ ಸಲೀಸಾಗ್ಲಿ, ಪಕ್ಕದ್ಮನೆ ಪೆರೆಟಾ ಹೊಟ್ಟೆಗೆ ಕಟ್ಟೋಕೆ ಒಂದು ಸ್ತೋತ್ರ ಬರ್ಕೊಡಪ್ಪ ಅಂತ. ನಾಳೆ ಅಂದೆ, ನಾಡಿದ್ದು ಅಂದೆ. ಕೂಸು ನಿನ್ನ ನಾಡಿದ್ದಿಗೆ ಕಾಯ್ಕೊಂಡು ಕೂತಿರತ್ತಾ? ಬೆಳಿಗ್ಗೇನೇ ನೋವು ಶುರುವಾಯ್ತು. ಒಂದು ಚೀಲದಲ್ಲಿಟ್ಟು, ಹೋಗಿ ಕಟ್ಟಿ ಬಂದೆ."

"ಕಟ್ಟಿ... ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಓದಿದೋನು ಕೇಳೋ ಪ್ರಶ್ನೇನಾ ಇದು? ಹೊಟ್ಟೆಗೆ."

ಗೋಬೆರ್ ಗೋಡೆ ಹಿಡಿದುಕೊಂಡ.

"ಎರಡಿದ್ವಲ್ಲಮ್ಮ. ಅದನ್ನೇ ಯಾಕೆ ತಗೊಂಡ್ರಿ?"

"ಅದರಲ್ಲಿ ಮೇಲ್ಗಡೆ ದೊಡ್ಡ ಕೆಂಪಕ್ಷರ ಇತ್ತು, ಬಳ್ಳಿ ಬೇರೆ ಬಿಡ್ಸಿದೀಯ. ಇನ್ನೊಂದು ಅಗಸನ ಲೆಕ್ಕದ ಥರ ಇತ್ತು."

"ಅದು ಸ್ತೋತ್ರ ಅಲ್ಲಮ್ಮ."

"ಮತ್ತೆ?"

ಗೋಬೆರ್ ಬಾಯಿ ತೆರೆದ. ಮರೋಯಮ್ಮನಿಗೆ ಒಂದು ಮಾತು ಹೇಳಿದರೆ ಮಧ್ಯಾಹ್ನದೊಳಗೆ ನದಿಯ ಈ ದಡಕ್ಕೆಲ್ಲ ಗೊತ್ತಾಗುತ್ತಿತ್ತು, ಸಂಜೆಯೊಳಗೆ ಸೇತುವೆ ದಾಟಿ ಬಿಷಪ್ಪರ ಅಡುಗೆಮನೆ ಮುಟ್ಟುತ್ತಿತ್ತು. ಅವನು ಉಗುಳು ನುಂಗಿ, "ಅದು... ದೇವರ ವಿಷಯವೇ. ಆದ್ರೆ ಬೇರೆ ಥರ," ಅಂದ.

"ದೇವರ ವಿಷಯ ಅಂದ್ಮೇಲೆ ಇನ್ನೇನು ಬೇಕು! ಗಂಜಿ ಕುಡಿ, ಮುಖ ನೋಡು, ಹೆರಿಗೆ ನಿಂಗೇ ಅನ್ನೋ ಹಾಗಿದೆ."

ಗಂಜಿ ಕುಡಿಯುವ ಸ್ಥಿತಿಯಲ್ಲಿ ಗೋಬೆರ್ ಇರಲಿಲ್ಲ. ಮೇಲೆ ಹೋಗಿ ಎರಡನೇ ಹಾಳೆಯನ್ನು ಅಂಗಿಯೊಳಗೆ ತುರುಕಿಕೊಂಡು ಪಕ್ಕದ ಮನೆಗೆ ಓಡಿದ.

ಪಕ್ಕದ ಮನೆಯ ತಿಬೋ ಪೀಪಾಯಿ ಮಾಡುವವನು. ಕೆಳಗೆ ಕಾರ್ಖಾನೆ, ಮೇಲೆ ಮನೆ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಹೆರಿಗೆ. ಬೆಳಗಿನಿಂದ ಅವನು ಉಳಿ, ಕೊಡತಿ ಹಿಡಿದು ಒಂದೇ ಹಲಗೆಯನ್ನು ಹೆರೆಯುತ್ತ ಕೂತಿದ್ದ, ಅದು ಈಗ ಪಟ್ಟಿಯಷ್ಟು ತೆಳುವಾಗಿತ್ತು. ಗೋಬೆರನನ್ನು ಕಂಡದ್ದೇ ಎದ್ದು ಬಂದು ಗಟ್ಟಿಯಾಗಿ ತಬ್ಬಿಕೊಂಡ.

"ಅಣ್ಣಾ, ನಿಮ್ಮ ಋಣ ಹೆಂಗೆ ತೀರಿಸ್ಲಿ? ನಿಮ್ಮ ಹಾಳೆ ಕಟ್ಟಿದ ತಕ್ಷಣ ನಮ್ಮೋಳ ಮುಖಕ್ಕೆ ಬಣ್ಣ ಬಂತಂತೆ!"

"ತಿಬೋ, ಆ ಹಾಳೆ ಸ್ವಲ್ಪ ವಾಪಸ್ ಬೇಕಿತ್ತಪ್ಪ."

ತಿಬೋನ ಕೈ ಸಡಿಲವಾಯಿತು. ಮುಖ ಬಿಗಿಯಿತು. ಅವನ ಇನ್ನೊಂದು ಕೈಯಲ್ಲಿ ಕೊಡತಿ ಇನ್ನೂ ಇತ್ತು.

"ವಾಪಸ್ಸಾ? ಈಗ್ಲಾ?"

"ಅಲ್ಲ, ಅದು... ಅರ್ಧ ಮಾತ್ರ ಇರೋದು. ಇನ್ನರ್ಧ ನನ್ನ ಹತ್ರ ಇದೆ," ಅಂದ ಗೋಬೆರ್. ಹೇಳಿದ ಮೇಲೆ, ಇದು ಸುಳ್ಳೂ ಅಲ್ಲ ಎಂದು ಅವನಿಗೇ ಸಮಾಧಾನವಾಯಿತು.

ತಿಬೋ ಗಾಬರಿಯಾಗಿ ಮೆಟ್ಟಿಲ ಕೆಳಗೆ ಹೋಗಿ ಕೂಗಿದ. "ಅವೀಸಮ್ಮಾ! ಅವೀಸಮ್ಮೋ! ಹಾಳೆ ಅರ್ಧವೇ ಅಂತೆ!"

ಸೂಲಗಿತ್ತಿ ಅವೀಸಮ್ಮ ಮೆಟ್ಟಿಲ ಮೇಲೆ ಬಂದು ನಿಂತಳು. ಆ ಬೀದಿಯಲ್ಲಿ ಅರ್ಧ ಜನರನ್ನು ಭೂಮಿಗಿಳಿಸಿದವಳು. ಮಿಕ್ಕವರು ಬೇರೆ ಊರಿನವರು. ಹಾಗಾಗಿ ಯಾರಿಗೂ ಬಹುವಚನ ಕೊಡುವ ಅಭ್ಯಾಸ ಅವಳಿಗಿರಲಿಲ್ಲ.

"ಏನೋ ನಿಂದು? ಗಂಡಸರು ಮೆಟ್ಲು ಹತ್ತಬಾರದು, ಅಲ್ಲೇ ನಿಲ್ಲು!"

"ಹತ್ತಲ್ಲಮ್ಮ. ಆ ಹಾಳೆ ಬಿಚ್ಚಿ ಕೆಳಗೆ ಹಾಕಿಬಿಡಿ. ಅದರ ಬದಲು ಇದನ್ನ ಕಟ್ಟಿ. ಇದು ಇನ್ನೂ ಒಳ್ಳೇದು."

"ಕಟ್ಟಿದ್ದನ್ನ ಕೂಸು ಬರೋವರೆಗೂ ಬಿಚ್ಚಬಾರದು. ನಿನ್ನ ಪುಸ್ತಕದಲ್ಲಿ ಅಷ್ಟೂ ಬರೆದಿಲ್ವಾ? ಅರ್ಧಕ್ಕೇ ಇಷ್ಟು ಚೆನ್ನಾಗಿ ನಡೀತಿದೆ. ಇನ್ನರ್ಧ ಇಲ್ಲಿ ಕೊಡು, ಅದನ್ನೂ ಜೊತೇಲಿ ಕಟ್ತೀನಿ."

ಗೋಬೆರ್ ಒಂದು ಕ್ಷಣ ಯೋಚಿಸಿದ. ಪ್ರಶ್ನೆ ಇದ್ದ ಚೀಲದಲ್ಲೇ ಉತ್ತರವೂ ಇದ್ದರೆ, ಯಾರ ಕಣ್ಣಿಗೆ ಬಿದ್ದರೂ ಎರಡೂ ಒಟ್ಟಿಗೆ ಬೀಳುತ್ತವೆ. ಅಂಗಿಯೊಳಗಿಂದ ಹಾಳೆ ತೆಗೆದು ತಿಬೋನ ಕೈಗೆ ಕೊಟ್ಟ, ತಿಬೋ ಅದನ್ನು ಅವೀಸಮ್ಮನ ಕೈಗೆ ದಾಟಿಸಿದ. ಬಾಗಿಲು ಮುಚ್ಚಿತು. ಗೋಬೆರ್ ಒಂದು ಖಾಲಿ ಪೀಪಾಯಿಯ ಮೇಲೆ ಕೂತು ಬೆವರೊರೆಸಿಕೊಂಡ.

ಮೇಲಿನಿಂದ ಬರುತ್ತಿದ್ದ ನರಳಾಟ ಸ್ವಲ್ಪ ಹೊತ್ತಿಗೆ ನಿಂತಿತು.

ತಿಬೋ ತಲೆಯೆತ್ತಿದ. ಗೋಬೆರನೂ ಎತ್ತಿದ. ಏನೂ ಕೇಳಿಸಲಿಲ್ಲ. ಬೀದಿಯಲ್ಲಿ ಉಪ್ಪುಮೀನು ಮಾರುವವಳು ಕೂಗುತ್ತ ಹೋದಳು. ಮತ್ತೆ ಏನೂ ಕೇಳಿಸಲಿಲ್ಲ. ತಿಬೋ ಎದ್ದು ಮೆಟ್ಟಿಲ ಹತ್ತಿರ ಹೋಗಿ ಬಂದ, ಕೂತ, ಮತ್ತೆ ಎದ್ದು ಮರೋಯಮ್ಮನ ಬಾಗಿಲವರೆಗೂ ಹೋಗಿ ಬಂದ. ಕಣ್ಣಿನಲ್ಲಿ ನೀರಿತ್ತು. "ಸದ್ದೇ ಇಲ್ವಲ್ಲಣ್ಣ," ಅಂದ. ಗೋಬೆರನಿಗೆ ಹಾಳೆಯ ಚಿಂತೆ ಹೋಗಿ ಪೆರೆಟಾಳ ಚಿಂತೆ ಹತ್ತಿತು. ಪ್ರತಿ ಭಾನುವಾರ ಅವನಿಗೆ ಒಂದು ಬಟ್ಟಲು ಸಾರು ಕಳಿಸುತ್ತಿದ್ದ ಹುಡುಗಿ ಅವಳು.

ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಬಾಗಿಲು ಧಡಾರನೆ ತೆರೆಯಿತು.

"ಏನೋ ಬರೆದಿದೀಯ ಇದ್ರಲ್ಲಿ?" ಅವೀಸಮ್ಮ ಕಿರುಚಿದಳು. ಅವಳ ಕೈಯಲ್ಲಿ ಎರಡನೇ ಹಾಳೆಯಿತ್ತು. "ಇದನ್ನ ಕಟ್ಟಿದ್ದೇ ತಡ, ಬರ್ತಿದ್ದ ನೋವು ಗಪ್ಪಂತ ನಿಂತುಹೋಯ್ತು! ಬಂದಿದ್ದ ಕೂಸು ವಾಪಸ್ ಹೋದಂಗಾಯ್ತು! ಸಾಯಿಸ್ಬೇಕು ಅಂತಿದೀಯಾ ಹುಡುಗೀನ?"

"ಅಮ್ಮಾ, ಅದರಲ್ಲಿ ದೇವರು ಇದ್ದಾನೆ ಅಂತ..."

"ಥೂ!" ಎಂದು ಅವೀಸಮ್ಮ ಹಾಳೆಯನ್ನು ಬೀಸಿ ಒಗೆದಳು. ಅದು ಗಾಳಿಯಲ್ಲಿ ಎರಡು ಸಲ ಹೊರಳಿ, ಹಲಗೆ ನೆನೆಹಾಕಿದ್ದ ತೊಟ್ಟಿಯಲ್ಲಿ ಬಿತ್ತು. ಗೋಬೆರ್ ತೋಳು ಮುಳುಗಿಸಿ ಅದನ್ನು ಮೇಲೆತ್ತುವಷ್ಟರಲ್ಲಿ ಮೇಲಿನಿಂದ ಪೆರೆಟಾ ಚೀರಿದ ಸದ್ದು ಬಂತು. ನೋವು ಮತ್ತೆ ಶುರುವಾಗಿತ್ತು.

"ನೋಡಿದ್ಯಾ?" ಅಂದಳು ಅವೀಸಮ್ಮ. "ತೆಗೆದ ತಕ್ಷಣ! ಆ ಕೆಂಪಕ್ಷರದ್ದೇ ನಿಜವಾದ ಹಾಳೆ. ಇದು ಯಾವನೋ ಶನಿ ಬರೆದದ್ದು."

ಗೋಬೆರ್ ನೀರಿಳಿಯುವ ಹಾಳೆ ಹಿಡಿದು ನಿಂತ. ಕಾರ್ಯವನ್ನು ನೋಡಿ ಕಾರಣಕ್ಕೆ ಹೋಗಬೇಕು, ಹೊಗೆ ಕಂಡಲ್ಲಿಂದ ಬೆಂಕಿಗೆ, ಲೋಕ ಕಂಡಲ್ಲಿಂದ ಲೋಕ ಮಾಡಿದವನಿಗೆ, ಎಂದು ಆಚಾರ್ಯರು ಹನ್ನೊಂದು ವರ್ಷ ಹೇಳಿಕೊಟ್ಟಿದ್ದರು. ಅಕ್ಷರ ಬಾರದ ಅವೀಸಮ್ಮ ಅದೇ ದಾರಿ ಹಿಡಿದು ಒಂದೇ ಬೆಳಿಗ್ಗೆಯಲ್ಲಿ ಇಲ್ಲಿಗೆ ಬಂದು ಮುಟ್ಟಿದ್ದಳು. ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ ಎಂದು ಅವಳಿಗೆ ತಿಳಿಸಿ ಹೇಳಲು ಬಾಯಿ ತೆರೆದವನು ತಿಬೋನ ಕೈಯ ಕೊಡತಿಯನ್ನು ನೋಡಿ ಮುಚ್ಚಿದ.

"ತಡ ಆಗ್ತಿದೆ," ಅಂದ ತಿಬೋ ಅಳುದನಿಯಲ್ಲಿ. "ಅದಕ್ಕೇ ಮರೋಯಮ್ಮನ್ನ ಪಾದ್ರಿಗಳ ಹತ್ರ ಕಳಿಸಿದೀನಿ. ಕೂಸಿಗೇನಾದ್ರೂ ಆದ್ರೆ... ದೀಕ್ಷಾಸ್ನಾನ ಇಲ್ದೆ ಹೋಗಬಾರದು ನೋಡಿ."

ಎವ್ರಾರ್! ಗೋಬೆರ್ ಬೀದಿಗೆ ಹಾರಿದ.

ಸಂದಿನ ತಿರುವಿನಲ್ಲೇ ಅವರು ಸಿಕ್ಕಿದರು. ಎತ್ತರದ, ಒಣಗಿದ ಮನುಷ್ಯ, ಪವಿತ್ರ ಎಣ್ಣೆಯ ಪೆಟ್ಟಿಗೆಯನ್ನು ಎದೆಗವಚಿಕೊಂಡು ದಾಪುಗಾಲು ಹಾಕುತ್ತಿದ್ದರು. ಹಿಂದೆ ಮರೋಯಮ್ಮ ಏದುಸಿರು ಬಿಡುತ್ತ ಓಡುತ್ತಿದ್ದಳು.

"ಸ್ವಾಮಿ, ಒಂದು ನಿಮಿಷ!" ಗೋಬೆರ್ ಅಡ್ಡ ನಿಂತ. "ನಾನು ಪಾಪನಿವೇದನೆ ಮಾಡ್ಬೇಕು."

"ಸಂಜೆ ಬಾ."

"ಈಗ್ಲೇ ಆಗ್ಬೇಕು ಸ್ವಾಮಿ. ದೊಡ್ಡ ಪಾಪ."

"ದೊಡ್ಡದಾದ್ರೆ ಸಂಜೆವರೆಗೂ ಕೆಡಲ್ಲ. ಜರುಗು."

"ಸ್ವಾಮಿ, ಒಂದೇ ಒಂದು ಪ್ರಶ್ನೆ..."

ಎವ್ರಾರ್ ನಿಂತರು. ಗೋಬೆರನನ್ನು ಮೇಲಿನಿಂದ ಕೆಳಗೆ ನೋಡಿದರು. ಒಂದು ತೋಳು ಭುಜದವರೆಗೆ ಒದ್ದೆ, ಕೈಯಲ್ಲಿ ನೀರು ತೊಟ್ಟಿಕ್ಕುವ ಚರ್ಮದ ಹಾಳೆ. "ನಿಮ್ಮ ಹುಲ್ಲುಬೀದಿಯೋರಿಗೆ ಪ್ರಶ್ನೆ ಬಿಟ್ರೆ ಬೇರೆ ಕೆಲಸ ಇಲ್ಲ. ಆ ಮನೇಲಿ ಒಬ್ಬಳು ಸಾವಿನ ಬಾಗಿಲಲ್ಲಿದ್ದಾಳೆ," ಎಂದು ಅವನನ್ನು ಪಕ್ಕಕ್ಕೆ ಸರಿಸಿ ನಡೆದರು.

ಅವರು ತಿಬೋನ ಹೊಸಿಲು ದಾಟುವುದಕ್ಕೂ ಮೇಲೆ ಕೂಸು ಅಳುವುದಕ್ಕೂ ಸರಿಹೋಯಿತು.

ಎಂಥ ಅಳು ಅದು! ಒಂಬತ್ತು ವರ್ಷ ಕಾದದ್ದಕ್ಕೆ ಒಟ್ಟಿಗೇ ದೂರು ಹೇಳುವ ಹಾಗಿತ್ತು. ತಿಬೋ ಕೊಡತಿ ಕೈಬಿಟ್ಟು, ಅದು ತನ್ನ ಕಾಲ ಮೇಲೇ ಬಿದ್ದದ್ದೂ ತಿಳಿಯದೆ ನಗತೊಡಗಿದ. ಗೋಬೆರನಿಗೆ, ತನಗೆ ಏನಾದರೂ ಆಗಲಿ, ಪೆರೆಟಾಳ ಕೂಸು ಬಂತಲ್ಲ ಎಂದು ಒಂದು ಗಳಿಗೆ ನಿಜವಾಗಿಯೂ ಅನ್ನಿಸಿತು. ಆ ಗಳಿಗೆ ಕಳೆದ ಮೇಲೆ ಮತ್ತೆ ಕುರ್ಚಿ ನೆನಪಾಯಿತು.

ಅವೀಸಮ್ಮ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೆಳಗೆ ತಂದಳು. "ಹೆಣ್ಣು! ತಾಯೀನೂ ಚೆನ್ನಾಗಿದಾಳೆ!" ಅವಳ ಹಿಂದೆ ಮರೋಯಮ್ಮ. ಇವಳು ಯಾವಾಗ ಮೇಲೆ ಹೋದಳೋ! ಕೈಯಲ್ಲಿ ಬಿಚ್ಚಿದ ಚೀಲ, ಚೀಲದಿಂದ ಹೊರಗೆ ಇಣುಕುವ ಹಾಳೆ.

"ಸ್ವಾಮಿ, ಇದಕ್ಕೊಂದು ಆಶೀರ್ವಾದ ಮಾಡಿಬಿಡಿ. ಕುದುರೆ ಜೀನು ಹೊಲಿಯೋ ಜೀನುಗಾರನ ಹೆಂಡ್ತಿಗೂ ದಿನ ತುಂಬಿದೆ, ನಾಳೆ ಅವಳಿಗೆ ಕಟ್ತೀವಿ."

"ಕೊಡಿ ಅಮ್ಮ, ನಾನೇ ಜೀನುಗಾರರ ಮನೆಗೆ ಮುಟ್ಟಿಸ್ತೀನಿ!" ಗೋಬೆರ್ ಕೈ ಚಾಚಿದ.

"ಇರು," ಅಂದರು ಎವ್ರಾರ್. ಅವರ ಕೈ ಗೋಬೆರನ ಕೈಗಿಂತ ಉದ್ದವಿತ್ತು. "ಹೊಟ್ಟೆಗೆ ಕಟ್ಟೋದನ್ನ ನಾನು ನೋಡದೆ ಬಿಡಲ್ಲ. ಏನೇನೋ ದೆವ್ವಗಳ ಹೆಸರು ಬರೆದು ಕಟ್ಟೋರಿದ್ದಾರೆ."

ಅವರು ಬೆಳಕಿಗೆ ತಿರುಗಿ ಹಾಳೆ ಬಿಚ್ಚಿದರು. ಗೋಬೆರ್ ಅವರ ಕಣ್ಣುಗಳನ್ನೇ ನೋಡುತ್ತ ನಿಂತ. ಒಂದೊಂದು ಸಾಲನ್ನೂ ಅವನು ಬಲ್ಲ. ಈಗ ಮೊದಲನೇ ವಾದ: ಕೊನೆಯಿಲ್ಲದ ಬೆಳಕು ಇದ್ದರೆ ಕತ್ತಲಿಗೆ ಜಾಗವೇ ಇರಬಾರದು, ಕತ್ತಲು ಇದೆ, ಆದ್ದರಿಂದ ಅಂಥ ಬೆಳಕು ಇಲ್ಲ. ಈಗ ಎರಡನೆಯದು: ನದಿ ತನ್ನ ಸ್ವಭಾವದಿಂದ ಹರಿಯುತ್ತದೆ, ಮನುಷ್ಯ ತನ್ನ ಇಚ್ಛೆಯಿಂದ ನಡೆಯುತ್ತಾನೆ, ಮಿಕ್ಕ ಕೆಲಸ ಯಾವುದೆಂದು ದೇವರು ಬೇಕು? ಪಾದ್ರಿಗಳ ಕಣ್ಣು ಕೆಳಗಿಳಿಯಿತು. ಮೂರನೆಯದಕ್ಕೆ ಬಂದು ಅಲ್ಲೇ ನಿಂತಿತು. ಬಹಳ ಹೊತ್ತು ಕದಲಲಿಲ್ಲ.

"ಯಾರು ಬರೆದದ್ದು ಇದು?"

"ನಮ್ಮ ಗೋಬೆರ್!" ಅಂದಳು ಮರೋಯಮ್ಮ, ತಾನೇ ಬರೆದಷ್ಟು ಹೆಮ್ಮೆಯಿಂದ. "ಇವತ್ತು ನೀವು ಪತ್ರ ಕೊಡ್ತೀರಲ್ಲ, ಅದರಲ್ಲಿ ಇದನ್ನೂ ಸೇರಿಸ್ಬೇಕು ಸ್ವಾಮಿ!"

"ಇದೇ ಕೂಸನ್ನ ಹೊರಗೆ ತಂದದ್ದು," ಅಂದಳು ಅವೀಸಮ್ಮ. "ಇನ್ನೊಂದು ದರಿದ್ರ ಹಾಳೆ ಕೊಟ್ಟಿದ್ದ, ಅದನ್ನ ಕಟ್ಟಿದ್ರೆ ನೋವೇ ನಿಂತುಹೋಯ್ತು."

ಎವ್ರಾರ್ ಹಾಳೆಯನ್ನು ಮಡಿಸಿ ನಿಲುವಂಗಿಯ ತೋಳಿನೊಳಗೆ ಸೇರಿಸಿದರು. ಕೂಸಿನ ಹಣೆಗೆ ನೀರು ಹಾಕಿ ದೀಕ್ಷಾಸ್ನಾನ ಮಾಡಿಸಿದರು, ಹೆಸರಿಟ್ಟರು, ತಿಬೋ ತಂದುಕೊಟ್ಟ ದ್ರಾಕ್ಷಾರಸವನ್ನು ತುಟಿಗೆ ಮುಟ್ಟಿಸಿದರು. ಇದೆಲ್ಲ ಮುಗಿಯುವವರೆಗೆ ಗೋಬೆರ್ ಬಾಗಿಲ ಹತ್ತಿರವೇ ಇದ್ದ. ಓಡಿಹೋಗಬಹುದಿತ್ತು. ಆದರೆ ಹಾಳೆಯ ಕೆಳಗೆ ಊರಿನ ಹೆಸರನ್ನೂ ಬರೆದಿದ್ದನಲ್ಲ.

"ನಡಿ," ಅಂದರು ಎವ್ರಾರ್.

ದೇವಾಲಯದ ಪಕ್ಕಕ್ಕೆ ಪೂಜೆಯ ಬಟ್ಟೆಗಳನ್ನಿಡುವ ಸಣ್ಣ ಕೋಣೆ. ಒಂದು ಮೇಜು, ಒಂದು ಕುರ್ಚಿ. ಕುರ್ಚಿಯಲ್ಲಿ ಪಾದ್ರಿಗಳು ಕೂತರು. ಹಾಳೆಯನ್ನು ಮೇಜಿನ ಮೇಲೆ ಹರಡಿ, ಅದರ ಎರಡು ಮೂಲೆಗಳಿಗೆ ಎರಡು ಹಿತ್ತಾಳೆ ದೀಪಗಳನ್ನಿಟ್ಟರು.

"ಸ್ವಾಮಿ, ಅದು ಪೂರ್ವಪಕ್ಷ," ಅಂದ ಗೋಬೆರ್ ಒಂದೇ ಉಸಿರಿಗೆ. "ನಮ್ಮಲ್ಲಿ ಪದ್ಧತಿ. ಎದುರಾಳಿ ಮಾತನ್ನ ನಾವೇ ಮೊದಲು ಹೇಳ್ಬೇಕು. ಆಮೇಲೆ ಅದಕ್ಕೆ ಉತ್ತರ. ಯಾರನ್ನ ಬೇಕಾದ್ರೂ ಕೇಳಿ."

"ಅಂದ್ರೆ ಇದು ನಿನ್ನ ಮಾತಲ್ಲ."

"ದೇವರಾಣೆ ಅಲ್ಲ ಸ್ವಾಮಿ."

"ಎದುರಾಳಿಯದು. ಯಾವ ಬೀದೀಲಿದ್ದಾನೆ ಆ ಎದುರಾಳಿ? ಹೆಸರೇನು?"

"ಹೆಸರು... ಅಂಥವನು ಯಾರೂ ಇಲ್ಲ ಸ್ವಾಮಿ. ಇದ್ದಿದ್ರೆ ಏನು ಹೇಳ್ತಿದ್ದ ಅಂತ ಊಹೆ ಮಾಡಿ ಬರೆಯೋದು."

ಎವ್ರಾರ್ ತಲೆಯಾಡಿಸಿದರು. "ಚೆನ್ನಾಗಿ ಬರೆದಿದೀಯ. ಎಷ್ಟು ದಿನ ಹಿಡೀತು?"

ಬರೆಯುವವರಿಗೆ ಒಂದು ರೋಗವಿದೆ. ಕುತ್ತಿಗೆಗೆ ಹಗ್ಗ ಬೀಳುವ ಹೊತ್ತಿನಲ್ಲೂ ಚೆನ್ನಾಗಿದೆ ಎಂದವರ ಕಡೆ ಮುಖ ಅರಳುತ್ತದೆ. "ಮೂರು ವಾರ ಸ್ವಾಮಿ!" ಅಂದ ಗೋಬೆರ್. "ಆರು ಸಲ ಕೆರೆದು ತಿದ್ದಿದೀನಿ."

"ಉತ್ತರ ಎಲ್ಲಿ?"

ಗೋಬೆರ್ ಅಂಗಿಯೊಳಗಿಂದ ಎರಡನೇ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಅದು ಇನ್ನೂ ಒದ್ದೆಯಿತ್ತು, ಓಕ್ ಮರದ ವಾಸನೆ ಹೊಡೆಯುತ್ತಿತ್ತು. ಮಸಿ ಅಲ್ಲಲ್ಲಿ ಕದಡಿದ್ದರೂ ಓದಬಹುದಿತ್ತು.

"ಇದಕ್ಕೆ?"

"ಒಂದು... ಸಂಜೆ."

"ಇಲ್ಲದ ಎದುರಾಳಿಗೆ ಮೂರು ವಾರ," ಅಂದರು ಎವ್ರಾರ್ ನಿಧಾನವಾಗಿ. "ಇರೋ ದೇವರಿಗೆ ಒಂದು ಸಂಜೆ."

ಪಾದ್ರಿಗಳು ಒದ್ದೆ ಹಾಳೆಯನ್ನು ಎತ್ತಿ ಕಿಟಕಿಯ ಹತ್ತಿರ ಹೋದರು. ಓದಿದರು. ಹಿಂದೆ ತಿರುಗಿಸಿ ನೋಡಿದರು, ಅಲ್ಲೇನೂ ಇರಲಿಲ್ಲ. ಮತ್ತೆ ಓದಿದರು. ಆಮೇಲೆ ಮೇಜಿಗೆ ಬಂದು ಮೊದಲನೇ ಹಾಳೆಯ ಮೂರನೇ ವಾದದ ಮೇಲೆ ಬೆರಳಿಟ್ಟು, ಜೋರಾಗಿ ಓದಿದರು.

"ಕಣ್ಣು ಬಿಡುವ ಮೊದಲೇ ಕಣ್ಣು ಮುಚ್ಚಿದ ಕೂಸು ಯಾರಿಗೆ ಏನು ಮಾಡಿತ್ತು? ತಡೆಯಬಲ್ಲವನು ತಡೆಯಲಿಲ್ಲವಾದರೆ ಅವನು ಒಳ್ಳೆಯವನಲ್ಲ. ತಡೆಯಲಾರದೆ ಹೋದರೆ ಅವನು ದೇವರಲ್ಲ."

ಆ ಸಾಲನ್ನು ಬರೆದ ದಿನ ಗೋಬೆರನಿಗೆ ಊಟ ಸೇರಿರಲಿಲ್ಲ. ಚಳಿಗಾಲದಲ್ಲಿ ಅದೇ ಸಂದಿನಲ್ಲಿ ಒಬ್ಬ ತಂದೆ ಸಣ್ಣದೊಂದು ಗಂಟನ್ನು ಹೊತ್ತುಕೊಂಡು ಹೋದದ್ದನ್ನು ನೋಡಿದ್ದ. ಅದನ್ನು ಪಾದ್ರಿಗಳಿಗೆ ಹೇಳಬೇಕೆನ್ನಿಸಿತು. ಹೇಳಲಿಲ್ಲ.

"ಈಗ ನಿನ್ನ ಉತ್ತರ," ಎವ್ರಾರ್ ಇನ್ನೊಂದು ಹಾಳೆ ತೋರಿಸಿದರು. "ಗಾಡೀನ ಎತ್ತು ಎಳೀತು, ಎತ್ತನ್ನ ಗಾಡಿಯೋನು ಹೊಡೆದ, ಹೀಗೆ ಚಲಿಸೋದನ್ನೆಲ್ಲ ಇನ್ನೊಂದು ಚಲಿಸುವಂತೆ ಮಾಡುತ್ತೆ, ಇದು ಕೊನೆಯಿಲ್ದೆ ಹೋಗೋಕಾಗಲ್ಲ, ಆದ್ದರಿಂದ ಎಲ್ಲಕ್ಕೂ ಮೊದಲು ತಳ್ಳಿದವನು ಒಬ್ಬ ಇದ್ದಾನೆ. ಸರಿ. ಇರ್ಲಿ. ಆ ಕೂಸಿನ ಸುದ್ದಿ ಎಲ್ಲಿದೆ ಇದ್ರಲ್ಲಿ?"

ಗೋಬೆರ್ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಹುಡುಕಿದ. ಹಣೆಯ ಬೆವರು ಮೂಗಿನ ತುದಿಗೆ ಬಂತು. "ಕೂಸೂ... ಚಲಿಸುತ್ತೆ ಸ್ವಾಮಿ. ಅದನ್ನ ಚಲಿಸುವಂತೆ ಮಾಡೋ..."

"ಆ ಕೂಸು ಚಲಿಸಲಿಲ್ಲ," ಅಂದರು ಎವ್ರಾರ್.

ಇದಕ್ಕೆ ಏನು ಹೇಳಬೇಕೆಂದು ಆಚಾರ್ಯ ರಾನುಲ್ಫರು ಹೇಳಿಕೊಟ್ಟಿರಲಿಲ್ಲ.

"ನಿಜ ಹೇಳ್ತೀನಿ ಕೇಳು. ಮೊದಲನೇ ಹಾಳೆ ಒಂದೇ ಆಗಿದ್ದಿದ್ರೆ, ನಿಮ್ಮ ಪದ್ಧತಿ ಅಂತ ನಂಬಿ ಬಿಟ್ಟುಬಿಡ್ತಿದ್ದೆ. ಯಾರೋ ಕೇಳೋದನ್ನ ಬರೆದಿದ್ದಾನೆ, ಇವನ ಹತ್ರ ಉತ್ತರ ಇದ್ದೇ ಇರುತ್ತೆ ಅಂದ್ಕೋತಿದ್ದೆ. ಎರಡನೇದು ಓದಿದ ಮೇಲೆ ಬಿಡೋಕಾಗಲ್ಲ."

ಬೆಳಗಿನಿಂದ ಯಾವ ಹಾಳೆಯನ್ನು ತನ್ನ ಪ್ರಾಣ ಉಳಿಸುತ್ತದೆಂದು ಹೊತ್ತು ತಿರುಗಿದ್ದನೋ, ತೊಟ್ಟಿಯಲ್ಲಿ ತೋಳು ಮುಳುಗಿಸಿ ಎತ್ತಿದ್ದನೋ, ಅದೇ ಅವನಿಗೆ ಮುಳುವಾಗಿತ್ತು. ಎವ್ರಾರ್ ಹೊಸ ಹಾಳೆ ತೆಗೆದು ಕುಲಪತಿಗಳಿಗೆ ಪತ್ರ ಬರೆಯತೊಡಗಿದರು. ಲೇಖನಿ ಪರಪರ ಸದ್ದು ಮಾಡಿತು. ಬಿಷಪ್ಪರ ನ್ಯಾಯಾಲಯ, ಸೆರೆಮನೆ, ರೊಟ್ಟಿಯಂಗಡಿಯವನ ಮುಖ, ಎಲ್ಲ ಗೋಬೆರನ ಕಣ್ಣ ಮುಂದೆ ಸಾಲಾಗಿ ಬಂದವು. ಬರೆದು ಮುಗಿಸಿ ಪಾದ್ರಿಗಳು ಓದಿ ಹೇಳಿದರು.

"ಈತನ ನಡತೆಯಲ್ಲಿ ದೋಷವಿಲ್ಲ. ಈತನ ಮೇಲೆ ನನ್ನ ದೂರೂ ಇಲ್ಲ. ಈತ ಪ್ರಶ್ನೆಯನ್ನು ಚೆನ್ನಾಗಿ ಬಲ್ಲ, ಉತ್ತರ ಇನ್ನೂ ಸಿಕ್ಕಿಲ್ಲ. ಸಿಗುವವರೆಗೆ ಈತನಿಗೆ ಪಾಠ ಹೇಳುವ ಪರವಾನಗಿ ಕೊಡುವುದು ಬೇಡ."

ಸೆರೆಮನೆ ತಪ್ಪಿತು ಎಂದು ಒಂದು ಉಸಿರು ಹೊರಗೆ ಹೋಯಿತು. ಪರವಾನಗಿಯೂ ತಪ್ಪಿತು ಎಂದು ಇನ್ನೊಂದು ಒಳಗೆ ಬಂತು.

"ಉತ್ತರ ಸಿಗೋಕೆ ಎಷ್ಟು ದಿನ ಬೇಕಾಗುತ್ತೆ ಸ್ವಾಮಿ?"

"ನಂಗೊತ್ತಿಲ್ಲ," ಅಂದರು ಎವ್ರಾರ್. "ನಾನು ಪಾದ್ರಿಯಾಗಿ ಮೂವತ್ತೆರಡು ವರ್ಷ ಆಯ್ತು. ಅಂಥ ಕೂಸುಗಳನ್ನ ನನ್ನ ಕೈಯಲ್ಲೇ ಮಣ್ಣಿಗಿಟ್ಟಿದೀನಿ. ನಂಗಿನ್ನೂ ಸಿಕ್ಕಿಲ್ಲ."

ಅವರು ಎದ್ದು ಹೋಗಿ ಬಾಗಿಲು ಹಾಕಿದರು. ಅಗುಳಿಯನ್ನೂ ಎಳೆದರು. ಗೋಬೆರ್ ಹಿಂದಕ್ಕೆ ಸರಿದು ಗೋಡೆಗೆ ಒತ್ತಿಕೊಂಡ.

"ನನ್ನ ತಂಗಿ ಒಬ್ಬಳಿದ್ದಾಳೆ," ಅಂದರು ಎವ್ರಾರ್. ದನಿ ತಗ್ಗಿತ್ತು, ಮುಖ ಗೋಡೆಯ ಕಡೆಗಿತ್ತು. "ಎರಡು ಸಲ ಬಸುರಾದಳು. ಎರಡು ಸಲವೂ ಕೂಸು ಉಳೀಲಿಲ್ಲ. ಎರಡು ಸಲವೂ ನಾನೇ ಸ್ತೋತ್ರ ಬರೆದು, ಮಂತ್ರಜಲ ಹಾಕಿ ಕಟ್ಟಿಸಿದ್ದೆ. ಈಸ್ಟರ್ ಹೊತ್ತಿಗೆ ಮತ್ತೆ ದಿನ ತುಂಬತ್ತೆ."

ಗೋಬೆರನಿಗೆ ಮನಸ್ಸು ಕರಗಿತು. ಜೊತೆಗೆ, ನಿಜ ಹೇಳಬೇಕೆಂದರೆ, ಒಂದು ಸಣ್ಣ ಆಸೆಯೂ ಮೂಡಿತು. "ನಾನು ಬರ್ಕೊಡ್ತೀನಿ ಸ್ವಾಮಿ! ಯಾವ ಸ್ತೋತ್ರ ಬೇಕು ಹೇಳಿ. ಅಥವಾ ಈ ಸಿದ್ಧಾಂತವನ್ನೇ ಇನ್ನೊಂದ್ಸಲ ನೀಟಾಗಿ..."

"ಅದಲ್ಲ," ಅಂದರು ಎವ್ರಾರ್. "ಮೊದಲನೇದು."

ಹೊರಗೆ ಸಂಜೆಪ್ರಾರ್ಥನೆಯ ಗಂಟೆ ಶುರುವಾಯಿತು.

"ಹಾಗಾದ್ರೆ ಸ್ವಾಮಿ," ಗೋಬೆರ್ ಮೇಜಿನ ಕಡೆ ಕಣ್ಣು ಹಾಯಿಸಿದ, "ಆ ಪತ್ರ ಹರಿದುಹಾಕಬಹುದಲ್ಲ?"

"ಹರಿದ್ರೆ ನೀನು ಪರವಾನಗಿ ತಗೊಂಡು ಸೋಮವಾರವೇ ಆರಾಸ್‌ಗೆ ಹೊರಟುಬಿಡ್ತೀಯ," ಅಂದರು ಎವ್ರಾರ್, ಪತ್ರಕ್ಕೆ ಅರಗು ಹಾಕಿ ಮುದ್ರೆಯೊತ್ತುತ್ತ. "ನಾಳೆ ಜೀನುಗಾರನ ಹೆಂಡ್ತಿ, ಈಸ್ಟರಿಗೆ ನನ್ನ ತಂಗಿ. ಅವಳಾದ್ಮೇಲೆ ಇನ್ನೊಬ್ಬಳು. ಇವರಿಗೆಲ್ಲ ಬರ್ಕೊಡೋರು ಯಾರಯ್ಯ?"

ಅವರು ಕುರ್ಚಿಯನ್ನು ಗೋಬೆರನ ಕಡೆಗೆ ತಳ್ಳಿ, ಹೊಸ ಹಾಳೆಯೊಂದನ್ನು ಮುಂದಿಟ್ಟರು. ಗೋಬೆರ್ ಕೂತ. ಮೂರು ವಾರ ಬರೆದದ್ದು ಬಾಯಿಪಾಠವಾಗಿತ್ತು, ನೋಡಿಕೊಳ್ಳುವ ಅಗತ್ಯವಿರಲಿಲ್ಲ. ದೇವರು ಇಲ್ಲವೆಂದು ತೋರುತ್ತದೆ, ಎಂದು ಅವನು ಮೊದಲನೇ ಸಾಲು ಶುರುಮಾಡಿದಾಗ ಎವ್ರಾರ್ ಅವನ ಹೆಗಲ ಮೇಲಿಂದ ಬಾಗಿ ನೋಡಿ, ಅಕ್ಷರ ಇನ್ನೂ ಸ್ವಲ್ಪ ದಪ್ಪಗಿರಲಿ ಎಂದರು.